ಗಾಜಿನ ತೊಟ್ಟಿಯ ನೆರೆಹೊರೆ

ಒಳ್ಳೆಯ ನೆರೆಹೊರೆ ಸಿಕ್ಕುವುದು ಪುಣ್ಯದ ಫಲವೆಂದು ನಮ್ಮ ಹಿರಿಯರು ಹೇಳುವುದುಂಟು. ನೆರೆಮನೆಯವನೊಡನೆ ಹೊಂದಿಕೆಯಾಗದಿದ್ದರೆ ಮನುಷ್ಯನು ನಡುವೆ ಬೇಲಿ ಹಾಕಿಕೊಳ್ಳಬಹುದು, ಮಾತು ಬಿಡಬಹುದು, ಬಹಳವಾದರೆ ಮನೆಯನ್ನೇ ಬದಲಾಯಿಸಬಹುದು. ಹೊಳೆಯ ಮೀನಿಗೂ ಈ ಸೌಕರ್ಯವುಂಟು. ಒಂದು ಮಡುವಿನಲ್ಲಿ ಕಾಟ ಹೆಚ್ಚಾದರೆ ಅದು ಇನ್ನೊಂದು ಮಡುವನ್ನು ಸೇರುತ್ತದೆ. ಗಾಜಿನ ತೊಟ್ಟಿಯ ಮೀನಿಗೆ ಮಾತ್ರ ಇವೊಂದೂ ಇಲ್ಲ. ಅದರ ನೀರು, ಅದರ ಆಹಾರ, ಅದರ ನೆರೆಹೊರೆ, ಈ ಮೂರನ್ನೂ ಅದಕ್ಕಾಗಿ ಇನ್ನೊಬ್ಬರು ಆರಿಸಿರುತ್ತಾರೆ. ಆದುದರಿಂದ ಆರಿಸುವವನ ಮೇಲೆ ಒಂದು ಹೊಣೆ ಬೀಳುತ್ತದೆ. ಆ ಹೊಣೆಯನ್ನು ಹೊರಲು ನಾವು ಸಿದ್ಧರಾಗಿದ್ದೇವೆಯೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಈ ವಿಚಾರ ಈಗ ಏಕೆ ಬಂತೆಂದರೆ, ನಮ್ಮ ಕಾಲೇಜಿನ ವಾಚನಾಲಯದಲ್ಲಿ ಒಂದು ಮೀನಿನ ತೊಟ್ಟಿಯನ್ನು ಇಡಬೇಕೆಂಬ ಸಲಹೆ ಈ ವರ್ಷ ವಿದ್ಯಾರ್ಥಿ ಮಿತ್ರರಲ್ಲಿ ಹುಟ್ಟಿ, ಚಂದಾ ಎತ್ತುವವರೆಗೂ ಬಂದಿದೆ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ. ಹಿಡಿಯುವ ನೀರು ಸುಮಾರು ೧೦೦ ಲೀಟರು. ಮೀನುಗಳ ಪಟ್ಟಿಯೂ ಸಿದ್ಧವಾಗಿದೆ: ಗೋಲ್ಡ್ ಫಿಷ್ ಎರಡು, ಏಂಜೆಲ್ ಎರಡು, ಟೈಗರ್ ಬಾರ್ಬ್ ನಾಲ್ಕು, ನಿಯಾನ್ ಟೆಟ್ರಾ ಹತ್ತು, ತೊಟ್ಟಿಯನ್ನು ಶುಚಿಮಾಡಲೆಂದು ಸಕ್ಕರ್ ಮೀನು ಒಂದು. ತೊಟ್ಟಿಯೇ ಬೇಡವೆಂದು ನಾನು ಹೇಳುವುದಿಲ್ಲ. ಈ ಪಟ್ಟಿ ಬೇಡವೆಂದು ಹೇಳುತ್ತೇನೆ. ಪಟ್ಟಿಗಿಂತ ಮೊದಲು ಯೋಚಿಸಬೇಕಾದುದನ್ನು ನಾವು ಯೋಚಿಸಿಲ್ಲವೆಂದೂ ಹೇಳುತ್ತೇನೆ.

ಕಲಾ ವಿಭಾಗದವನಿಗೆ ಜೀವಶಾಸ್ತ್ರದ ಗೊಡವೆಯೇಕೆಂದು ಕೆಲವರು ಕೇಳಬಹುದು, ಕೇಳಿದ್ದೂ ಆಗಿದೆ. ನಮ್ಮ ವಂಶದಲ್ಲಿ ಬಿ.ಎ. ತರಗತಿಯ ಬಾಗಿಲನ್ನು ಕಂಡವನು ನಾನೇ ಮೊದಲಿಗನು. ನಮ್ಮ ಮನೆಯಲ್ಲಿ ಮೀನೆಂದರೆ ಕೆರೆ ಬತ್ತುವ ಕಾಲಕ್ಕೆ ಸಾರಿಗೆ ಒದಗುವ ಪದಾರ್ಥವೇ ಹೊರತು, ಕಣ್ಣಿನಿಂದ ನೋಡಿ ಸಂತೋಷಪಡುವ ವಸ್ತುವಲ್ಲ. ತೊಟ್ಟಿಯ ಸುದ್ದಿಯನ್ನು ಕೇಳಿ ನಮ್ಮವ್ವ, "ದುಡ್ಡು ಕೊಟ್ಟು ಮೀನು ತಂದು, ಸಾರು ಮಾಡ್ದೆ ಸುಮ್ಕೆ ನೋಡ್ಕೊಂಡು ಕೂತ್ಕೋತೀರೇನ್ಲಾ?" ಎಂದು ನಕ್ಕಳು. ನಕ್ಕ ಮೇಲೆ ಅವಳು ಕೇಳಿದ ಇನ್ನೊಂದು ಪ್ರಶ್ನೆ ಮಾತ್ರ ನಗುವಂಥದಲ್ಲ: "ರಜಾ ಬಂದ್ರೆ ಅವಕ್ಕೆ ಕೂಳು ಹಾಕೋರು ಯಾರ್ಲಾ?" ನಮ್ಮ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ಒಬ್ಬರೂ ಇರಲಿಲ್ಲ.

ಗಾಜಿನ ತೊಟ್ಟಿಯ ಚರಿತ್ರೆಯನ್ನು ನೋಡಿದರೂ ಮೊದಲು ಕಾಣುವುದು ಹೊಂದಾಣಿಕೆಯ ಪ್ರಶ್ನೆಯೇ. ಲಂಡನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬವರು ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್ ಫಿಷ್‌ಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಇಟ್ಟು ಪರೀಕ್ಷಿಸಿ, ಅದರ ಫಲವನ್ನು ೧೮೫೦ರಲ್ಲಿ ಪ್ರಕಟಿಸಿದರು. ಗಿಡವು ಮೀನಿಗೆ ಆಮ್ಲಜನಕವನ್ನು ಒದಗಿಸಿತು. ಆದರೆ ಅದರ ಹಣ್ಣೆಲೆಗಳು ಕೊಳೆತು ನೀರು ಕದಡಿತು. ಆಗ ಅವರು ಕೊಳದ ಬಸವನಹುಳುಗಳನ್ನು ಬಿಟ್ಟರು; ಅವು ಕೊಳೆತ ಎಲೆಯನ್ನು ತಿಂದು ನೀರು ತಿಳಿಯಾಯಿತು. ೧೮೫೩ರಲ್ಲಿ ಲಂಡನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯವೊಂದು ತೆರೆಯಿತು. ಮರುವರ್ಷ ಬಂದ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಬಳಕೆಗೆ ಬಂತು. ವಾರಿಂಗ್ಟನ್ನರ ಪಾತ್ರೆಯಲ್ಲಿ ಮೀನು, ಗಿಡ, ಹುಳು ಮೂರೂ ಒಂದಕ್ಕೊಂದು ಬೇಕಾಗಿದ್ದವು. ನಮ್ಮ ಪಟ್ಟಿಯಲ್ಲಿ ಯಾವುದಕ್ಕೆ ಯಾವುದು ಬೇಕು? ಅದರಲ್ಲಿ ಒಂದು ಗಿಡದ ಹೆಸರು ಕೂಡ ಇಲ್ಲವೆಂಬುದನ್ನು ಗಮನಿಸಬೇಕು.

ಮೊದಲನೆಯ ಮಾತು ನೀರಿನದು. ಮೀನಿನ ಕಿವಿರಿನಿಂದ, ಅದರ ಹೊಲಸಿನಿಂದ, ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ, ಅದೂ ವಿಷವೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಇದು ಮಿತವಾಗಿದ್ದರೆ ಬಾಧಕವಿಲ್ಲ. ಗಿಡಗಳಿಗೆ ಗೊಬ್ಬರವೂ ಹೌದು. ಈ ಉಪಕಾರಿ ಜೀವಿಗಳು ತಳದ ಮರಳಿನಲ್ಲಿಯೂ ಫಿಲ್ಟರಿನ ಸ್ಪಂಜಿನಲ್ಲಿಯೂ ನೆಲಸಿ ಸಾಕಷ್ಟು ಹೆಚ್ಚಬೇಕಾದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟು ದಿನ ತೊಟ್ಟಿಯಲ್ಲಿ ನೀರು, ಮರಳು, ಗಿಡ, ಓಡುವ ಫಿಲ್ಟರು ಇರಬೇಕು. ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ ಆ ಜೀವಿಗಳನ್ನು ಬೆಳೆಸಬೇಕು. ಮೀನು ಮಾತ್ರ ಇರಕೂಡದು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯೆಂದು ಪರೀಕ್ಷೆಯ ಕಿಟ್ಟಿನಲ್ಲಿ ತೋರಿದ ಮೇಲೆ ಮೊದಲ ಮೀನು ಬರಬೇಕು.

ಜನರು ಮಾಡುವುದೇನು? ಬೆಳಿಗ್ಗೆ ತೊಟ್ಟಿ ತಂದು ಸಂಜೆ ಮೀನು ಬಿಡುತ್ತಾರೆ. ಒಂದೆರಡು ವಾರಗಳಲ್ಲಿ ಮೀನುಗಳು ಒಂದೊಂದಾಗಿ ಸಾಯುತ್ತವೆ. ದೃಷ್ಟಿ ತಾಗಿತೆಂದೋ, ಅಂಗಡಿಯವನು ಕೆಟ್ಟ ಮೀನು ಕೊಟ್ಟನೆಂದೋ ಹೇಳಿ ಮತ್ತೆ ಕೊಳ್ಳುತ್ತಾರೆ. ಗಾಬರಿಯಿಂದ ನೀರನ್ನೆಲ್ಲ ಚೆಲ್ಲಿ, ಮರಳನ್ನೂ ಸ್ಪಂಜನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆಯುತ್ತಾರೆ. ಹಾಗೆ ತೊಳೆದಾಗ ಉಪಕಾರಿ ಜೀವಿಗಳು ಹೋಗಿ ಮೊದಲಿನ ಕಷ್ಟವೇ ಮತ್ತೆ ಬರುತ್ತದೆ. ಕ್ರಮವೇನೆಂದರೆ, ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು ನೀರನ್ನು ಮಾತ್ರ ತೆಗೆದು ಹೊಸ ನೀರನ್ನು ತುಂಬುವುದು. ಸ್ಪಂಜನ್ನು ಆ ತೆಗೆದ ನೀರಿನಲ್ಲಿಯೇ ಹಿಂಡುವುದು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡುವುದು, ಇಲ್ಲವೆ ಕ್ಲೋರಿನ್ ತೆಗೆಯುವ ದ್ರಾವಣವನ್ನು ಬೆರೆಸುವುದು.

ಎಲ್ಲ ನೀರೂ ಒಂದೇ ನೀರಲ್ಲವೆಂಬುದು ಎರಡನೆಯ ಮಾತು. ಮಲೆನಾಡಿನ ಹಳ್ಳದ ನೀರು ಮೆದು. ನಮ್ಮ ಬಯಲುಸೀಮೆಯ ಕೊಳವೆ ಬಾವಿಯ ನೀರು ಬಹುಮಟ್ಟಿಗೆ ಗಡಸು. ಬೇಳೆ ಬೇಯದೆ, ಸಾಬೂನು ನೊರೆಯಾಗದೆ, ಕಾಯಿಸುವ ಪಾತ್ರೆಯಲ್ಲಿ ಬಿಳಿಯ ಪೊರೆ ಕಟ್ಟುವ ನೀರನ್ನು ನಮ್ಮ ಮನೆಗಳ ಹೆಂಗಸರು ಯಾವ ಕಿಟ್ಟೂ ಇಲ್ಲದೆ ಗುರುತಿಸುತ್ತಾರೆ. ಮೀನೂ ಗುರುತಿಸುತ್ತದೆ. ಅಮೆಜಾನ್ ಪ್ರದೇಶದ ನಿಯಾನ್ ಟೆಟ್ರಾದ ಹುಟ್ಟುನೀರು ಮೆದುವಾದುದು, ಸ್ವಲ್ಪ ಆಮ್ಲಗುಣದ್ದು. ಗಪ್ಪಿ, ಪ್ಲಾಟಿ, ಮೊಲ್ಲಿಗಳಿಗೆ ಗಡಸು ನೀರೇ ಹಿತ. ನೀರನ್ನು ಮೀನಿಗೆ ತಕ್ಕಂತೆ ತಿದ್ದುವುದು ಪ್ರತಿವಾರದ ತಲೆನೋವು. ಮೀನನ್ನು ನೀರಿಗೆ ತಕ್ಕಂತೆ ಆರಿಸುವುದು ಒಂದು ದಿನದ ವಿವೇಕ.

ಇನ್ನು ನಮ್ಮ ಪಟ್ಟಿಯನ್ನು ನೋಡೋಣ. ಗೋಲ್ಡ್ ಫಿಷ್ ಚೀನ ದೇಶದಲ್ಲಿ ಶತಮಾನಗಳ ಸಾಕಣೆಯಿಂದ ಬಂದದ್ದು. ಅದಕ್ಕೆ ತಂಪು ನೀರು ಬೇಕು, ಚೆನ್ನಾಗಿ ಬೆಳೆದರೆ ೨೦ ಸೆಂಟಿಮೀಟರನ್ನು ಮೀರುತ್ತದೆ, ಹೊಲಸು ಹೆಚ್ಚು, ಮೆತ್ತನೆಯ ಗಿಡಗಳನ್ನು ಮೇಯುತ್ತದೆ. ಏಂಜೆಲ್ ಮೀನು ಅಂಗಡಿಯಲ್ಲಿ ರೂಪಾಯಿ ನಾಣ್ಯದಷ್ಟಿದ್ದರೂ ಬೆಳೆದಾಗ ಅಂಗೈಯಗಲವಾಗುತ್ತದೆ. ಅದೂ ನಿಯಾನೂ ಎರಡೂ ದಕ್ಷಿಣ ಅಮೆರಿಕದವು ಎಂದ ಮಾತ್ರಕ್ಕೆ ಸ್ನೇಹಿತರೆಂದು ತಿಳಿಯಬಾರದು. ಬೆಳೆದ ಏಂಜೆಲ್ಲಿಗೆ ನಿಯಾನ್ ಒಂದು ತುತ್ತು. ಟೈಗರ್ ಬಾರ್ಬ್ ಚುರುಕಾದ ಮೀನು. ಎಂಟು ಹತ್ತರ ಗುಂಪಿನಲ್ಲಿದ್ದರೆ ತಮ್ಮತಮ್ಮೊಳಗೇ ಓಡಾಡಿಕೊಂಡಿರುತ್ತವೆ, ನಾಲ್ಕೇ ಇದ್ದರೆ ಇತರರ ಗೊಡವೆಗೆ ಹೋಗುತ್ತವೆ. ಏಂಜೆಲ್ಲಿನ ಉದ್ದನೆಯ ಈಜುರೆಕ್ಕೆಗಳನ್ನು ಕಚ್ಚಿ ಚಿಂದಿ ಮಾಡುವುದು ಅವುಗಳ ಸ್ವಭಾವ. ಸಕ್ಕರ್ ಮೀನು ಬೆರಳುದ್ದವಾಗಿ ಬಂದು ಒಂದು ಅಡಿಯನ್ನೂ ಮೀರಿ ಬೆಳೆಯುತ್ತದೆ. ಅದು ತೊಟ್ಟಿಯನ್ನು ಶುಚಿಮಾಡುತ್ತದೆಂಬುದು ಅರೆಮಾತು; ಪಾಚಿಯನ್ನು ಕೆರೆಯುವುದು ನಿಜ, ಆದರೆ ಅದು ಮಾಡುವ ಹೊಲಸನ್ನು ಶುಚಿಮಾಡುವವರು ನಾವೇ. ಹೀಗೆ ಐದು ಜಾತಿಗಳಲ್ಲಿ ಯಾವುದಕ್ಕೂ ಇನ್ನೊಂದರ ಸಂಗಡ ಸುಖವಿಲ್ಲ. ಇದರಲ್ಲಿ ಮೀನುಗಳ ದೋಷವೇನೂ ಇಲ್ಲ. ಪ್ರತಿಯೊಂದೂ ತನ್ನ ಹೊಳೆಯಲ್ಲಿ ಸರಿಯಾಗಿಯೇ ಇತ್ತು.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಒಂದು ಸಂತೋಷದ ವಿಷಯ ಸಿಕ್ಕಿತು. ೧೮೦೦–೦೧ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿ, ೧೮೦೭ರಲ್ಲಿ ತನ್ನ ಪ್ರವಾಸ ಗ್ರಂಥವನ್ನು ಅಚ್ಚುಮಾಡಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ನನ ಹೆಸರನ್ನು ನಾವು ತರಗತಿಯಲ್ಲಿ ಕೇಳಿದ್ದೇವೆ. ನಮ್ಮ ಊರುಗಳ ಬೆಳೆ, ಮಣ್ಣು, ಕೆರೆಗಳನ್ನು ಬರೆದಿಟ್ಟ ಈತನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ ೧೮೨೨ರಲ್ಲಿ ಗಂಗೆ ಮತ್ತು ಅದರ ಶಾಖೆಗಳ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಇಂದು ಜಗತ್ತಿನ ತೊಟ್ಟಿಗಳಲ್ಲೆಲ್ಲ ಕಾಣುವ ಜೀಬ್ರಾ ಡೇನಿಯೊ, ರೋಸಿ ಬಾರ್ಬ್, ಹನಿ ಗೌರಾಮಿ ಇವೆಲ್ಲ ಶಾಸ್ತ್ರಕ್ಕೆ ಮೊದಲು ಪರಿಚಯವಾದದ್ದು ಆ ಗ್ರಂಥದಲ್ಲಿ. ಇವುಗಳಲ್ಲಿ ಜೀಬ್ರಾ ಡೇನಿಯೊ ನಾಲ್ಕು ಸೆಂಟಿಮೀಟರಿನ, ನೀಲಿ ಗೀಟುಗಳ ಸಣ್ಣ ಮೀನು. ೧೯೮೧ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಮತ್ತು ಸಂಗಡಿಗರು ಇದರ ತದ್ರೂಪಿಗಳನ್ನು ಪಡೆದ ಸಂಗತಿಯನ್ನು ಪ್ರಕಟಿಸಿದ ಮೇಲೆ, ಇದು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ದೊಡ್ಡ ಹೆಸರು ಪಡೆಯಿತು. ನಮ್ಮ ದೇಶದ ಮೀನು ಇಷ್ಟು ಹೆಸರುವಾಸಿಯಾಗಿರುವಾಗ, ನಮ್ಮ ಪಟ್ಟಿಯಲ್ಲಿ ಭಾರತದ ಒಂದು ಮೀನೂ ಇಲ್ಲದಿರುವುದು ಸೋಜಿಗ.

ಆದುದರಿಂದ ನನ್ನ ಸಲಹೆ ಇಷ್ಟು. ನಮ್ಮ ನೀರನ್ನು ಮೊದಲು ಪರೀಕ್ಷಿಸೋಣ. ಅದು ಬಹಳ ಗಡಸಾಗಿದ್ದರೆ ಎಂಟು ಜೀಬ್ರಾ ಡೇನಿಯೊಗಳು, ಆರು ಗಂಡು ಪ್ಲಾಟಿಗಳು, ನಾಲ್ಕಾರು ಬಸವನಹುಳುಗಳು. ಗಡಸು ನೀರಿನಲ್ಲಿ ಹುಳುಗಳ ಚಿಪ್ಪೂ ಗಟ್ಟಿಯಾಗುತ್ತದೆ. ಗಂಡುಗಳೇ ಏಕೆಂದರೆ, ಪ್ಲಾಟಿ ಮತ್ತು ಗಪ್ಪಿ ಮರಿಹಾಕುವ ಜಾತಿಗಳು. ಹೆಣ್ಣು ಗಂಡು ಕೂಡಿದ್ದರೆ ವರ್ಷದೊಳಗೆ ತೊಟ್ಟಿ ಸಂತೆಯಾಗುತ್ತದೆ. ನೀರು ಅಷ್ಟು ಗಡಸಲ್ಲದಿದ್ದರೆ, ಅಥವಾ ತಾರಸಿಯ ಮಳೆನೀರನ್ನು ಬೆರೆಸುವ ಅನುಕೂಲವಿದ್ದರೆ, ಮೇಲಿನ ಪದರಕ್ಕೆ ಎಂಟು ಜೀಬ್ರಾ ಡೇನಿಯೊಗಳು, ನಡುವೆ ಒಂದು ಜೊತೆ ಹನಿ ಗೌರಾಮಿ, ತಳದಲ್ಲಿ ಆರು ಕಂಚುಬಣ್ಣದ ಕೋರಿಡೋರಸ್. ಗೌರಾಮಿ ನೀರಿನ ಮೇಲಿನ ಗಾಳಿಯನ್ನೂ ನೇರವಾಗಿ ಉಸಿರಾಡಬಲ್ಲ ಸಾಧು ಮೀನು. ಕೋರಿಡೋರಸ್ ಮೀಸೆಯಿಂದ ಮರಳನ್ನು ತಡಕಿ ತಿನ್ನುತ್ತದೆ. ಆದುದರಿಂದ ಚೂಪಾದ ಜಲ್ಲಿ ಬೇಡ, ನುಣುಪಾದ ಮರಳು ಬೇಕು. ಲೀಟರಿಗೆ ಒಂದು ಸೆಂಟಿಮೀಟರು ಮೀನು ಎಂಬ ಅಳತೆ ಸಣ್ಣ ಮೀನುಗಳಿಗೆ ಮಾತ್ರ ಸಲ್ಲುತ್ತದೆ. ಅದನ್ನೂ ಬೆಳೆದ ಮೇಲಿನ ಉದ್ದದಿಂದ ಲೆಕ್ಕಹಾಕಬೇಕು. ಈ ಎರಡು ಪಟ್ಟಿಗಳೂ ಆ ಮಿತಿಯೊಳಗಿವೆ. ತೊಟ್ಟಿ ಅರೆಖಾಲಿಯಾಗಿ ಕಾಣುತ್ತದೆಂದು ಆಕ್ಷೇಪಿಸುವವರುಂಟು. ಖಾಲಿಯಾಗಿ ಕಾಣುವ ಆ ಜಾಗವೇ ಮೀನಿನ ಉಸಿರು.

ಗಿಡಗಳನ್ನು ಅಲಂಕಾರವೆಂದು ತಿಳಿದು ಪ್ಲಾಸ್ಟಿಕ್ಕಿನವನ್ನು ಹಾಕುವುದು ನನಗೆ ಸಮ್ಮತವಲ್ಲ. ಗಿಡವು ಮೀನಿನ ಹೊಲಸನ್ನು ಹೀರುತ್ತದೆ, ಹೆದರಿದ ಮೀನಿಗೆ ಮರೆಯಾಗುತ್ತದೆ, ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ. ವಾರಿಂಗ್ಟನ್ನರ ವ್ಯಾಲಿಸ್ನೇರಿಯಾ ಗಡಸು ನೀರಿನಲ್ಲಿಯೂ ಹುಲುಸಾಗಿ ಬೆಳೆಯುತ್ತದೆ. ಅದನ್ನು ಹಿಂದುಗಡೆ ಸಾಲಾಗಿ ನೆಡಬಹುದು. ನಮ್ಮ ಗದ್ದೆಯ ಬದುಗಳ ತೇವದಲ್ಲಿ ಹಬ್ಬುವ ನೀರುಬ್ರಾಹ್ಮಿ ನೀರಿನೊಳಗೂ ಬದುಕುತ್ತದೆ. ಬೆಳಕು ಕಡಿಮೆಯಿರುವೆಡೆಗೆ ಜಾವಾ ಫರ್ನ್ ತಕ್ಕದ್ದು. ಅದರ ಬೇರುಗಡ್ಡೆಯನ್ನು ಮರಳಿನಲ್ಲಿ ಹೂಳದೆ ಮರದ ತುಂಡಿಗೆ ದಾರದಿಂದ ಕಟ್ಟಬೇಕು, ಹೂಳಿದರೆ ಕೊಳೆಯುತ್ತದೆ. ದಿನಕ್ಕೆ ಎಂಟು ಗಂಟೆಯ ದೀಪ ಸಾಕು. ಕಿಟಕಿಯ ಬಿಸಿಲಿಗೆ ತೊಟ್ಟಿಯನ್ನಿಟ್ಟರೆ ಬೆಳೆಯುವುದು ಪಾಚಿಯೇ.

ಮೀನುಗಳನ್ನು ಒಂದೇ ದಿನ ತರದೆ, ಗುಂಪು ಗುಂಪಾಗಿ ಒಂದೆರಡು ವಾರಗಳ ಅಂತರದಲ್ಲಿ ತರಬೇಕು. ಹೊಸದನ್ನು ಬೇರೊಂದು ಚಿಕ್ಕ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ಕಂಡ ಮೇಲೆ ಹಳೆಯವುಗಳ ಜೊತೆಗೆ ಸೇರಿಸಬೇಕು. ಇದು ಪಾಶ್ಚಾತ್ಯರ ಹೊಸ ಶಾಸ್ತ್ರವೇನೂ ಅಲ್ಲ. ನಮ್ಮ ಹಟ್ಟಿಯಲ್ಲಿ ಸಂತೆಯಿಂದ ತಂದ ಕುರಿಯನ್ನು ಅಪ್ಪ ಮೊದಲ ಕೆಲವು ದಿನ ಬೇರೆಯೇ ಕಟ್ಟಿ ನೋಡುತ್ತಾನೆ. ಕೆಮ್ಮಿಲ್ಲ, ಭೇದಿಯಿಲ್ಲ ಎಂದಾದ ಮೇಲೆ ಮಂದೆಗೆ ಬಿಡುತ್ತಾನೆ. ಅಕ್ಷರ ಬಾರದ ಕುರುಬನು ಒಂದು ಕುರಿಗೆ ತೋರುವ ಎಚ್ಚರವನ್ನು ಪದವೀಧರರಾಗಲಿರುವ ನಾವು ಒಂದು ಮೀನಿಗೆ ತೋರಲಾರೆವೆ?

ತೊಟ್ಟಿಯ ಹೊರಗಣ ಮಾತೂ ಒಂದುಂಟು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸಕ್ಕರ್ ಮೀನು ತೊಟ್ಟಿಗೆ ದೊಡ್ಡದಾದಾಗ ಕರುಣೆಯುಳ್ಳವರು ಅದನ್ನು ಕೊಲ್ಲಲಾರದೆ ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಇಂದು ನಮ್ಮ ದೇಶದ ಅನೇಕ ಕೆರೆ ಹೊಳೆಗಳಲ್ಲಿ ಸೇರಿಕೊಂಡಿದೆ. ೨೦೨೦ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿಯೂ ಸಿಕ್ಕಿತು. ಇದರ ಮುಳ್ಳಿಗೆ ಬೆಸ್ತರ ಬಲೆ ಹರಿಯುತ್ತದೆ, ಇದು ಕೊರೆದ ಬಿಲಗಳಿಂದ ದಂಡೆ ಸಡಿಲವಾಗುತ್ತದೆ, ಕೊಳ್ಳುವವರಿಲ್ಲ. ತೊಟ್ಟಿಯವನ ಕರುಣೆಗೆ ಬೆಸ್ತನು ತೆರುವ ದಂಡವಿದು. ಕೆರೆ ಬತ್ತುವ ಕಾಲದಲ್ಲಿ ಆ ಮೀನನ್ನೇ ನೆಚ್ಚಿರುವ ಮನೆಗಳು ಎಷ್ಟೆಂಬುದನ್ನು ಹಳ್ಳಿಯಿಂದ ಬಂದ ನನ್ನಂಥವರಿಗೆ ಹೇಳಬೇಕಾಗಿಲ್ಲ. ತೊಟ್ಟಿಯ ಮೀನನ್ನಾಗಲಿ ಗಿಡವನ್ನಾಗಲಿ ಕೆರೆಗೆ, ಹೊಳೆಗೆ, ಬಾವಿಗೆ ಎಂದಿಗೂ ಬಿಡತಕ್ಕದ್ದಲ್ಲ.

ಕೆರೆಗೆ ಬಿಡುವುದು ಹೇಗೋ, ಹೊಳೆಯಿಂದ ತರುವುದೂ ಹಾಗೆಯೇ ವಿಚಾರಾರ್ಹ. ನಮ್ಮ ಪಶ್ಚಿಮಘಟ್ಟದ ಹಳ್ಳಗಳ ಅಂದವಾದ ಮೀನುಗಳಿಗೆ ಹೊರದೇಶಗಳಲ್ಲಿ ಬೇಡಿಕೆಯುಂಟು. ೨೦೦೫ರಿಂದ ೨೦೧೨ರವರೆಗೆ ಅಳಿವಿನಂಚಿನ ೩೦ ಜಾತಿಗಳ ಹದಿನೈದು ಲಕ್ಷಕ್ಕೂ ಮಿಕ್ಕಿ ಮೀನುಗಳು ಭಾರತದಿಂದ ರಫ್ತಾದುವೆಂದು ಸಂಶೋಧಕರು ೨೦೧೩ರಲ್ಲಿ ಲೆಕ್ಕಹಾಕಿದರು. ಅವುಗಳಲ್ಲಿ ಮುಖ್ಯವಾದವು 'ಮಿಸ್ ಕೇರಳ' ಎಂದು ಕರೆಯುವ ಕೆಂಪು ಗೀಟಿನ ಡೆನಿಸನ್ ಬಾರ್ಬ್ ಮತ್ತು ನಮ್ಮ ತುಂಗೆಯ ಕಡೆಯೂ ಇರುವ ಪಟ್ಟೆಯ ಲೋಚ್. ಇಂಥ ಮೀನನ್ನು ಕೊಳ್ಳುವ ಮೊದಲು ಇದು ಸಾಕಣೆಯ ಕೊಳದಲ್ಲಿ ಹುಟ್ಟಿದ್ದೋ ಹಳ್ಳದಿಂದ ಬಲೆಹಾಕಿ ತಂದದ್ದೋ ಎಂದು ಕೇಳಬೇಕು. ಉತ್ತರ ಸಿಕ್ಕದಿದ್ದರೆ ಕೊಳ್ಳಬಾರದು.

ಇಷ್ಟೆಲ್ಲ ಜಂಜಾಟವೇಕೆ, ಮೀನಿನ ಬೆಲೆ ಹತ್ತಿಪ್ಪತ್ತು ರೂಪಾಯಿ, ಸತ್ತರೆ ಇನ್ನೊಂದು ತಂದರಾಯಿತು ಎಂದು ಮಿತ್ರರೊಬ್ಬರು ವಾದಿಸಿದರು. ಬೆಲೆ ಕಡಿಮೆಯೆಂದು ಪ್ರಾಣವನ್ನು ಅಗ್ಗವೆನ್ನುವ ತರ್ಕ ಮೀನಿನಲ್ಲಿಯೇ ನಿಲ್ಲುತ್ತದೆಂಬ ನಂಬಿಕೆ ನನಗಿಲ್ಲ. ಇನ್ನೊಬ್ಬರು ಹೊಳೆಯ ಮೀನನ್ನು ಗಾಜಿನಲ್ಲಿಡುವುದೇ ಅನ್ಯಾಯ, ತೊಟ್ಟಿಯೇ ಬೇಡ ಎಂದರು. ಈ ವಾದಕ್ಕೆ ಬೆಲೆಯುಂಟು. ಸಾಕಣೆಯ ಕೊಳದಲ್ಲಿ ಹುಟ್ಟಿದ ಸಣ್ಣ ಮೀನಿಗೆ ತಕ್ಕ ನೀರು, ಗಿಡಗಳ ಮರೆ, ತನ್ನ ಜಾತಿಯ ಗುಂಪು ದೊರೆತರೆ ಅದು ಚೆನ್ನಾಗಿ ಬಾಳುತ್ತದೆಂಬುದು ನನ್ನ ಉತ್ತರ. ಅಷ್ಟನ್ನು ಕೊಡಲಾರೆವಾದರೆ ಆ ಮಿತ್ರರ ಮಾತೇ ಸರಿ.

ಹಾಗಾದರೆ ನಾವು ಒಪ್ಪಬೇಕಾದ ಕರಾರುಗಳು ನಾಲ್ಕು. ನೀರು ತುಂಬಿದ ಮೇಲೆ ಆರು ವಾರ ಮೀನಿಲ್ಲದ ತೊಟ್ಟಿಯನ್ನು ನೋಡುತ್ತ ಕಾಯುವುದು. ನೀರನ್ನು ಪರೀಕ್ಷಿಸಿ, ಅದಕ್ಕೆ ಹೊಂದುವ ಎರಡು ಮೂರು ಜಾತಿಗಳನ್ನು ಮಾತ್ರ ಗುಂಪಾಗಿ ತರುವುದು. ಯಾವ ಮೀನನ್ನೂ ಗಿಡವನ್ನೂ ಹೊರಗೆ ಬಿಡದಿರುವುದು. ವಾರದ ನೀರಿನ ಕೆಲಸಕ್ಕೂ ರಜೆಯ ಆರೈಕೆಗೂ ಊರಿನಲ್ಲಿಯೇ ಇರುವ ಇಬ್ಬರ ಹೆಸರನ್ನು ಬರೆದು ತೊಟ್ಟಿಯ ಪಕ್ಕದಲ್ಲಿ ಅಂಟಿಸುವುದು. ಬೆಳೆದ ಮೀನು ಎರಡು ಮೂರು ದಿನ ಆಹಾರವಿಲ್ಲದೆ ಇರಬಲ್ಲದು. ಎರಡು ತಿಂಗಳು ಇರಲಾರದು. ನಮ್ಮವ್ವನ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರವಿಲ್ಲ.

ಈ ನಾಲ್ಕಕ್ಕೂ ಮಿತ್ರರ ಒಪ್ಪಿಗೆಯಿದ್ದರೆ ನನ್ನ ಪಾಲಿನ ಚಂದಾ ಸಿದ್ಧವಾಗಿದೆ, ಭಾನುವಾರ ನೀರು ಹೊರಲು ನನ್ನ ತೋಳೂ ಸಿದ್ಧವಾಗಿದೆ. ಒಪ್ಪಿಗೆಯಿಲ್ಲದಿದ್ದರೆ ಕೂಡಿದ ಹಣದಿಂದ ವಾಚನಾಲಯಕ್ಕೆ ಪುಸ್ತಕಗಳನ್ನು ಕೊಳ್ಳೋಣ. ಪುಸ್ತಕಗಳು ಯಾವ ನೆರೆಯವನನ್ನೂ ಕಚ್ಚುವುದಿಲ್ಲ. ರಜೆಯಲ್ಲಿ ಅವಕ್ಕೆ ಹಸಿವಾಗುವುದೂ ಇಲ್ಲ.